ನೆಲದಿಂದ ನಾಲ್ಕಡಿ ಎತ್ತರದಲ್ಲಿ ಒಂದು ರೂಟರ್

ನನ್ನ ಗೆಳೆಯ ತೀರಿಕೊಂಡ. ಹೋದ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಮಲಗಿದವನನ್ನು ನಾಲ್ಕು ಗಂಟೆಗೆ ಅವನ ಅಕ್ಕ ಎಬ್ಬಿಸಲು ಹೋದರೆ ಏಳಲಿಲ್ಲ. ಅರವತ್ತೆಂಟು ವರ್ಷ. ಕಾಯಿಲೆ ಕಸಾಲೆ ಏನೂ ಇರಲಿಲ್ಲ.

ನಮ್ಮ ಮನೆಯ ಕೆಳಗಿನ ಮನೆ ಅವನದು. ಮೂವತ್ತಾರು ವರ್ಷ ಹವಾಮಾನ ಕಚೇರಿಯಲ್ಲಿ ವೀಕ್ಷಕನಾಗಿದ್ದ. ಅಂದರೆ ಹೊತ್ತುಹೊತ್ತಿಗೆ ಹೋಗಿ ಬಿಸಿಲೆಷ್ಟು, ಗಾಳಿಯೆಷ್ಟು, ಮಳೆಯೆಷ್ಟು ಎಂದು ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ. ಕಟ್ಟಡದವರೆಲ್ಲ ಸೇರಿ ಅವನಿಗೆ ‘ಹವಾಮಾನ’ ಎಂದೇ ಹೆಸರಿಟ್ಟಿದ್ದರು. ‘ಹವಾಮಾನ ಮೆಟ್ಟಿಲು ಹತ್ತಿ ಬರ್ತಾ ಇದೆ’ ಎಂದು ಯಾರಾದರೂ ಕೂಗಿದರೆ ಅವನೇ ಮೊದಲು ನಗುತ್ತಿದ್ದ.

ಅವನನ್ನು ನೆನೆದು ಗಂಭೀರವಾಗಿ ನಾಲ್ಕು ಸಾಲು ಬರೆಯೋಣವೆಂದು ಮೂರು ದಿನದಿಂದ ಕುಳಿತಿದ್ದೇನೆ. ಪೆನ್ನು ಮುಟ್ಟಿದರೆ ಬರುವುದು ಒಂದೇ ಕತೆ. ಅದೂ ನನ್ನ ಮಾನ ಹರಾಜಾಗುವಂಥದ್ದು. ಇರಲಿ. ಅದನ್ನೇ ಬರೆಯುತ್ತೇನೆ.

ತಿಂಗಳ ಹಿಂದಿನ ಒಂದು ಶನಿವಾರ, ಹನ್ನೊಂದೂಕಾಲು ಗಂಟೆಗೆ, ನಾನು ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತು ಘೋಷಿಸಿದೆ: “ಇನ್ನು ಏಳೇ ದಿನ! ಅಷ್ಟರೊಳಗೆ ಈ ಮನೆಯ ಇಂಟರ್ನೆಟ್ಟನ್ನು ಕುದುರೆಯ ಹಾಗೆ ಓಡಿಸದಿದ್ದರೆ ನನ್ನ ಹೆಸರು ಬದಲಾಯಿಸು!”

“ಹೆಸರು ಇಟ್ಕೊಳ್ಳಿ, ರೂಟರ್ ಬದಲಾಯಿಸಿ,” ಅಂದಳು ನನ್ನ ಹೆಂಡತಿ. ಅವಳ ಕಣ್ಣು ಕೆಂಪಾಗಿತ್ತು.

ಕಾರಣವಿತ್ತು. ಅವಳು ಇಪ್ಪತ್ತೈದು ವರ್ಷದಿಂದ ಬಟ್ಟೆ ಹೊಲಿಯುವವಳು. ಈಚೆಗೆ ಒಂದು ತರಬೇತಿ ಸಂಸ್ಥೆ ಅವಳನ್ನು ಹುಡುಕಿಕೊಂಡು ಬಂದು, ಪ್ರತಿ ಶನಿವಾರ ಹತ್ತರಿಂದ ಹನ್ನೊಂದರವರೆಗೆ ಆನ್‌ಲೈನಿನಲ್ಲಿ ಹೊಲಿಗೆ ಕಲಿಸಲು ಕೇಳಿತ್ತು. ನಲವತ್ತು ಜನ ವಿದ್ಯಾರ್ಥಿಗಳು. ತನ್ನನ್ನು ಯಾರಾದರೂ ‘ಟೀಚರ್’ ಎಂದು ಕರೆದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಶುಕ್ರವಾರವೇ ಕತ್ತರಿಗೆ ಸಾಣೆ ಹಿಡಿಸಿ, ಸೀರೆಗೆ ಇಸ್ತ್ರಿ ಹಾಕಿ, ಕನ್ನಡಿಯ ಮುಂದೆ ಪಾಠ ಒಪ್ಪಿಸುತ್ತಿದ್ದಳು.

ಆ ದಿನ ತೋಳು ಕತ್ತರಿಸುವ ಪಾಠ. “ಮೊದಲನೇ ತೋಳು ಆಯ್ತಾ? ಈಗ ಬಟ್ಟೆ ಮಗುಚಿ ಹಾಕ್ಕೊಳ್ಳಿ, ಆಮೇಲೆ ಎರಡನೇದು ಕತ್ತರಿಸಿ,” ಎಂದು ಅವಳು ಹೇಳಿದ್ದಳು. ಆದರೆ ‘ಈಗ’ ಎಂಬಲ್ಲಿಗೆ ಚಿತ್ರ ನಿಂತುಹೋಯಿತು. ಕತ್ತರಿ ಗಾಳಿಯಲ್ಲಿ, ಬಾಯಿ ಅರ್ಧ ತೆರೆದು, ನನ್ನ ಹೆಂಡತಿ ನಲವತ್ತು ಮನೆಗಳಲ್ಲಿ ಕಲ್ಲಾಗಿ ನಿಂತಳು! ಮತ್ತೆ ಜೀವ ಬಂದಾಗ ಕೇಳಿಸಿದ್ದು “ಎರಡನೇದು ಕತ್ತರಿಸಿ” ಎಂಬುದಷ್ಟೇ. ಕತ್ತರಿಸಿದರು. ನಲವತ್ತರಲ್ಲಿ ಮೂವತ್ತೊಂದು ಜನರ ಅಂಗಿಗೆ ಎರಡೂ ಎಡತೋಳು! ಉಳಿದ ಒಂಬತ್ತು ಜನ ಪಾರಾದದ್ದು ಅವರಿನ್ನೂ ಮೊದಲನೆಯದನ್ನೇ ಕತ್ತರಿಸುತ್ತಿದ್ದ ಕಾರಣಕ್ಕೆ.

ಸಂಸ್ಥೆಯ ಮೇಡಂ ಫೋನ್ ಮಾಡಿ ಬಹಳ ಮೃದುವಾಗಿ ಹೇಳಿದರು: “ನಿಮ್ಮ ಪಾಠ ಚೆನ್ನಾಗಿದೆ. ಆದರೆ ಚಿತ್ರ ಹೀಗೆ ನಿಲ್ಲುತ್ತಾ ಇದ್ರೆ ಬೇರೆ ಟೀಚರ್ ನೋಡಬೇಕಾಗುತ್ತೆ.” ಮೃದುವಾಗಿ ಹೇಳಿದ್ದರಿಂದಲೇ ಹೆಚ್ಚು ನಾಟಿತು.

ಹಾಗಾಗಿ ನನ್ನ ಘೋಷಣೆ. ನಾನು ಮುದ್ರಣಾಲಯಗಳಿಗೆ ಕರಡು ತಿದ್ದುವವನು. ಮೂವತ್ತು ವರ್ಷದಿಂದ ಮನೆಯಲ್ಲಿ ಕೂತು ಕಂಡವರ ತಪ್ಪು ಹುಡುಕುವುದೇ ನನ್ನ ಕಸುಬು. ಆರುನೂರು ಪುಟದ ಗ್ರಂಥದಲ್ಲಿ ಎಗರಿಹೋದ ಒಂದು ಸೊನ್ನೆಯನ್ನು ಹಿಡಿಯುವವನಿಗೆ ಮೂರು ಕೋಣೆಯ ಮನೆಯಲ್ಲಿ ಅಡಗಿದ ಒಂದು ದೋಷ ಯಾವ ಲೆಕ್ಕ?

ಸಂಜೆಗೆ ಹವಾಮಾನ ಮೇಲೆ ಬಂದ. ವಿಷಯ ತಿಳಿಸಿದೆ. ಮನೆಗೆ ಬೆಂಕಿ ಬಿದ್ದರೂ ಮೊದಲು ಉಷ್ಣಾಂಶ ಎಷ್ಟಿದೆ ಎಂದು ನೋಡುವ ಮನುಷ್ಯ ಅವನು.

“ಸ್ಲೋ ಅಂದ್ರೆ ಎಷ್ಟು?” ಅಂದ.

“ಎಷ್ಟು ಅಂದ್ರೆ? ಸ್ಲೋ ಅಂದ್ರೆ ಸ್ಲೋ ಕಣಯ್ಯ!”

“ಮಳೆ ಜೋರು ಅಂದ್ರೆ ಯಾರೂ ಬರ್ಕೊಳ್ಳೋಲ್ಲ. ಎಷ್ಟು ಮಿಲಿಮೀಟರ್ ಅಂದ್ರೆ ಬರ್ಕೋತಾರೆ. ಅಳೆದಿದ್ದೀಯೇನು?”

ಅಳೆದಿರಲಿಲ್ಲ. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿದೆವು. ನೂರು ಎಂಬಿ ವೇಗ ಕೊಡುತ್ತೇನೆಂದು ಕಂಪನಿ ಬರೆದುಕೊಟ್ಟಿತ್ತು. ಮುಳ್ಳು ಏಳಲೋ ಬೇಡವೋ ಎಂದು ಎದ್ದು ಒಂಬತ್ತಕ್ಕೆ ನಿಂತಿತು.

“ರೂಟರ್ ಎಲ್ಲಿಟ್ಟಿದ್ದೀಯ?”

ತೋರಿಸಿದೆ. ಅಂದರೆ, ಇರುವ ದಿಕ್ಕನ್ನು ತೋರಿಸಿದೆ. ಆ ಕರಿ ಡಬ್ಬಿಯ ಮೂತಿ ನನಗೆ ಹಿಡಿಸದೆ, ಪುಸ್ತಕದ ಕಪಾಟಿನಲ್ಲಿ ಎಂಟು ಸಂಪುಟದ ನಿಘಂಟಿನ ಹಿಂದೆ ಬಚ್ಚಿಟ್ಟಿದ್ದೆ. ಅವನು ಒಂದೊಂದೇ ಸಂಪುಟ ಇಳಿಸಿದ.

“ಲೋಕದಲ್ಲಿರೋ ಮಾತೆಲ್ಲ ದಾಟ್ಕೊಂಡು ಸಿಗ್ನಲ್ ಹೊರಗೆ ಬರಬೇಕು. ಪಾಪ, ಅದಕ್ಕೂ ಸುಸ್ತಾಗೋಲ್ವೇನಯ್ಯ?”

ಒಳಗಿನಿಂದ ನನ್ನ ಹೆಂಡತಿ ನಕ್ಕಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಹವಾಮಾನದ ಉಪಕರಣ ಇಡಲು ಒಂದು ಶಾಸ್ತ್ರವಿದೆಯಂತೆ. ನೆಲದಿಂದ ನಾಲ್ಕಡಿ ಎತ್ತರ. ನೇರ ಬಿಸಿಲು ಬೀಳಬಾರದು. ಸುತ್ತ ಗಾಳಿಗೆ ಅಡೆತಡೆ ಇರಬಾರದು. ಅವನಿಗೆ ಗೊತ್ತಿದ್ದದ್ದು ಅದೊಂದೇ ಶಾಸ್ತ್ರ, ಅದನ್ನೇ ರೂಟರಿಗೂ ಅನ್ವಯಿಸಿದ. ಊಟದ ಮೇಜಿನ ಮೇಲೆ ಸ್ಟೂಲಿಟ್ಟು, ಟೇಪು ಹಿಡಿದು ನೋಡಿದರೆ ನಾಲ್ಕಡಿಗೆ ಎರಡಿಂಚು ಕಡಮೆ ಬಿತ್ತು. ನನ್ನ ನಿಘಂಟಿನ ಒಂದು ಸಂಪುಟವನ್ನು ಅಡಿಗೆ ಕೊಟ್ಟ. ಅದರ ಮೇಲೆ ಪಟ್ಟಾಭಿಷೇಕವಾದ ರೂಟರ್ ಹಸಿರು ದೀಪ ಮಿಟುಕಿಸುತ್ತಾ ನಡುಮನೆಯನ್ನು ಆಳತೊಡಗಿತು. ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಎಳೆದು, “ಇದರೊಳಗೆ ಯಾರೂ ಬರಬಾರದು,” ಅಂದ.

“ಊಟ ಎಲ್ಲಿ ಮಾಡೋದು ಅಣ್ಣ?” ಅಂತ ನನ್ನ ಹೆಂಡತಿ.

“ವೃತ್ತದ ಹೊರಗೆ, ತಂಗಿ.”

ಒಂದು ತಿಂಗಳು ನಾವು ಗೋಡೆಗೊರಗಿ ಊಟ ಮಾಡಿದೆವು.

ಸತ್ಯವಾಗಿ ಹೇಳಬೇಕೆಂದರೆ, ನಮ್ಮ ರೋಗ ಅವತ್ತೇ ವಾಸಿಯಾಗಿತ್ತು. ನಿಘಂಟು ಸರಿದದ್ದೇ ಇಂಟರ್ನೆಟ್ ಸರಾಗವಾಗಿ ಓಡಿತು. ಅಲ್ಲಿಗೆ ಕೈತೊಳೆದು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ವೈದ್ಯರು ಇಬ್ಬರಿದ್ದೆವಲ್ಲ!

“ಒಂದು ಸಲ ಅಳೆದದ್ದು ಲೆಕ್ಕಕ್ಕಿಲ್ಲ,” ಅಂದ ಹವಾಮಾನ. “ತಂಗಿ ಪಾಠ ಮಾಡೋ ಹೊತ್ತಲ್ಲಿ ಎಷ್ಟಿರುತ್ತೆ? ಅದು ಮುಖ್ಯ. ಬೇರೆ ಬೇರೆ ಕೋಣೇಲಿ ಎಷ್ಟಿರುತ್ತೆ? ಅದೂ ಮುಖ್ಯ. ಎಲ್ಲಾ ಕಡೆ ಒಂದೇ ಕ್ಷಣಕ್ಕೆ ಅಳೀಬೇಕು. ಆಗಲೇ ನಕ್ಷೆ ಸಿಗೋದು.”

ಈ ‘ಒಂದೇ ಕ್ಷಣಕ್ಕೆ’ ಎಂಬುದೂ ಅವರ ಕಚೇರಿಯ ಪದ್ಧತಿ. ಎಲ್ಲ ಊರಿನ ವೀಕ್ಷಕರೂ ಗಡಿಯಾರ ನೋಡಿಕೊಂಡು ಏಕಕಾಲಕ್ಕೆ ಅಳೆಯುತ್ತಾರಂತೆ. ನನಗೆ ಇದು ಬಹಳ ಹಿಡಿಸಿತು. ಶನಿವಾರ ಬೆಳಗ್ಗೆ ಐದು ವೀಕ್ಷಣಾ ಕೇಂದ್ರಗಳು ಸಿದ್ಧವಾದವು. ಅವನ ಫೋನು ನಡುಮನೆಯಲ್ಲಿ, ನನ್ನ ಫೋನು ಅಡುಗೆಮನೆಯಲ್ಲಿ, ಅವನ ಅಕ್ಕನ ಫೋನು ಬಚ್ಚಲಿನಲ್ಲಿ, ಹಳೆಯ ಟ್ಯಾಬು ಬಾಲ್ಕನಿಯಲ್ಲಿ, ನನ್ನ ಕಂಪ್ಯೂಟರು ಮಲಗುವ ಕೋಣೆಯಲ್ಲಿ. ಹತ್ತರಿಂದ ಹನ್ನೊಂದರವರೆಗೆ ಐದು ನಿಮಿಷಕ್ಕೊಮ್ಮೆ ಐದರಲ್ಲೂ ಸ್ಪೀಡ್ ಟೆಸ್ಟ್! ಹವಾಮಾನ ಕೈಗಡಿಯಾರ ನೋಡಿ ಬೆರಳು ಮಡಚಿದ ಕೂಡಲೇ ನಾನು ಬರಿಗಾಲಲ್ಲಿ ಸದ್ದಿಲ್ಲದೆ ಒಂದೊಂದು ಕೋಣೆಗೂ ಓಡಿ ಒತ್ತಿ ಬರುವುದು. ಅವನು ಉದ್ದನೆಯ ಪುಸ್ತಕದಲ್ಲಿ ಗೀಟು ಹಾಕಿ ಬರೆಯುವುದು. ಹೊತ್ತು, ಜಾಗ, ಅಂಕಿ, ಅಳೆದವರು.

ಹನ್ನೊಂದಕ್ಕೆ ನನ್ನ ಹೆಂಡತಿ ಹೊಲಿಗೆ ಕೋಣೆಯಿಂದ ಹೊರಬಂದಳು. ಹತ್ತಿಯ ಹಾಗೆ ಬಿಳಿಚಿಕೊಂಡಿದ್ದಳು.

“ಮತ್ತೆ ನಿಲ್ತಾ ಇತ್ತು ರೀ. ಗಡಿಯಾರ ಇಟ್ಟ ಹಾಗೆ. ಐದು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ನಿಲ್ಲುತ್ತೆ. ಮತ್ತೆ ಐದು ನಿಮಿಷ, ಮತ್ತೆ ನಿಲ್ಲುತ್ತೆ.”

ಹವಾಮಾನನ ಮುಖ ಅರಳಿತು. “ಐದು ನಿಮಿಷಕ್ಕೆ ಸರಿಯಾಗಿಯಾ, ತಂಗಿ?”

“ಸರಿಯಾಗಿ.”

“ನೋಡಿದೆಯೇನಯ್ಯಾ!” ಎಂದು ನನ್ನ ತೊಡೆಗೆ ಬಡಿದ. “ನಮ್ಮ ಪುಸ್ತಕದಲ್ಲೂ ಹಾಗೇ ಬಂದಿದೆ. ಅಳೆದಾಗಲೆಲ್ಲ ಕಡಮೆ! ಒಂದು ಸಲವೂ ತಪ್ಪಿಲ್ಲ! ಇಂಥ ಕರಾರುವಾಕ್ಕಾದ ಆವರ್ತನ ನಾನು ಮುಂಗಾರಿನಲ್ಲೂ ನೋಡಿಲ್ಲ!”

ನಾನೂ ಹಿಗ್ಗಿದೆ. ನಮಗೊಂದು ನಿಯಮ ಸಿಕ್ಕಿತ್ತು. ಇಬ್ಬರೂ ತಲೆಗೆ ತಲೆ ಕೊಟ್ಟು ಐದು ನಿಮಿಷಕ್ಕೊಮ್ಮೆ ಲೋಕದಲ್ಲಿ ಏನೇನು ನಡೆಯುತ್ತದೆಂದು ಪಟ್ಟಿ ಮಾಡಿದೆವು. ಲಿಫ್ಟು ಓಡಾಡುತ್ತದೆ. ಫ್ರಿಜ್ಜು ಗುರ್ ಅನ್ನುತ್ತದೆ. ಎದುರುಮನೆಯ ಮುದುಕರು ಕೆಮ್ಮುತ್ತಾರೆ. ಭಾನುವಾರವಿಡೀ ನಾನು ಲಿಫ್ಟಿನ ಬಾಗಿಲಲ್ಲಿ ನಿಂತು ಅದು ಬಂದುಹೋಗುವ ಹೊತ್ತನ್ನು ಗುರುತು ಹಾಕಿದೆ. ಕಟ್ಟಡದ ಹೆಂಗಸರು ನನ್ನನ್ನು ಕಂಡು ಮೆಟ್ಟಿಲು ಹತ್ತಿಕೊಂಡು ಹೋಗತೊಡಗಿದರು. ಐದು ನಿಮಿಷಕ್ಕೊಮ್ಮೆ ನಾವು ಮಾಡುವುದು ಏನು ಎಂಬುದು ಮಾತ್ರ ಪಟ್ಟಿಗೆ ಬರಲಿಲ್ಲ! ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವ ಜಾತಿ ನಮ್ಮದು.

ಅದರ ಜೊತೆಗೆ ಕಂಪನಿಗೆ ಮೂರು ಪುಟದ ದೂರು ಬರೆದೆ. ಒಂದು ಅಲ್ಪವಿರಾಮವೂ ತಪ್ಪದ ದೂರು. ಉತ್ತರವೂ ಬಂತು: “ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.”

ಮುಂದಿನ ಶನಿವಾರಕ್ಕೆ ಹವಾಮಾನ ಇನ್ನೊಂದು ಹೆಜ್ಜೆ ಮುಂದೆ ಹೋದ. “ಐದು ನಿಮಿಷ ಜಾಸ್ತಿ ಆಯ್ತು. ನಡುವೆ ಏನಾಗುತ್ತೋ ನಮಗೆ ಗೊತ್ತಾಗ್ತಾ ಇಲ್ಲ. ಮೂರು ನಿಮಿಷಕ್ಕೊಮ್ಮೆ ಅಳೆಯೋಣ.”

ಅಳೆದೆವು. ಹನ್ನೊಂದಕ್ಕೆ ಹೊರಬಂದ ಹೆಂಡತಿ ಕುರ್ಚಿಯಲ್ಲಿ ಕುಸಿದಳು. “ಈಗ ಮೂರು ನಿಮಿಷಕ್ಕೇ ನಿಲ್ಲುತ್ತೆ.”

“ಅಯ್ಯಯ್ಯೋ, ಉಲ್ಬಣಿಸ್ತಾ ಇದೆ!” ಅಂದೆ ನಾನು.

“ಮೇಡಂ ಹೇಳಿದ್ರು, ಮುಂದಿನ ಶನಿವಾರ ಅವರೇ ಕೂತು ನೋಡ್ತಾರಂತೆ. ಅದೇ ಕೊನೆಯದಂತೆ. ಸರಿ ಹೋಗದಿದ್ರೆ…” ಕತ್ತರಿಯನ್ನು ಅದರ ಚೀಲಕ್ಕೆ ಹಾಕಿ ಗುಂಡಿ ಬಿಗಿದಳು. ಹವಾಮಾನ ಪುಸ್ತಕ ಮುಚ್ಚಿದ. ಅವನ ಮುಖದಲ್ಲಿ ನಗು ಇರಲಿಲ್ಲ.

“ತಂಗೀ, ಇಂಟರ್ನೆಟ್ ಲೈನಿನವರನ್ನು ಕರೆಸೋಣ,” ಅಂದ. ತನಗೆ ಗೊತ್ತಿಲ್ಲವೆಂದು ಅವನು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಶುಕ್ರವಾರ ಲೈನಿನವರು ಬಂದರು. ಐವತ್ತರ ಆಸುಪಾಸಿನ, ಮಾತು ಕಡಮೆಯ ಮನುಷ್ಯ. ವೃತ್ತದ ಹೊರಗೇ ನಿಂತು ಪಟ್ಟಾಭಿಷಿಕ್ತ ರೂಟರನ್ನು ಒಂದು ಸುತ್ತು ನೋಡಿದರು. ಕೇಳಬಾರದ್ದನ್ನು ಕೇಳದಿರುವ ಅಭ್ಯಾಸ ಅವರಿಗಿತ್ತು. ತಮ್ಮ ಯಂತ್ರ ಸಿಕ್ಕಿಸಿದರು.

“ನೂರಕ್ಕೆ ತೊಂಬತ್ತೈದು ಬರ್ತಾ ಇದೆ. ಲೈನು ಚೆನ್ನಾಗಿದೆ.”

“ಶನಿವಾರ ಹತ್ತು ಗಂಟೆಗೆ ನೋಡಬೇಕು ನೀವು!” ಎಂದು ನಾನು ಹವಾಮಾನನ ಪುಸ್ತಕವನ್ನು ಮುಂದಿಟ್ಟೆ. ನೂರಾ ಅರವತ್ತು ಅಂಕಿಗಳು, ಕೆಂಪು ನೀಲಿ ಶಾಯಿಯಲ್ಲಿ, ಜೊತೆಗೊಂದು ನಕ್ಷೆ. ಅವರು ಹಾಳೆ ತಿರುವಿದರು.

“ಇದನ್ನ ಎಷ್ಟು ಫೋನಲ್ಲಿ ನೋಡಿದ್ರಿ?”

“ಐದು ಕಡೆ,” ಅಂದ ಹವಾಮಾನ, ಹೆಮ್ಮೆಯಿಂದ.

“ಒಂದಾದ ಮೇಲೊಂದಾ?”

“ಛೆ, ಒಂದೇ ಕ್ಷಣಕ್ಕೆ.”

“ಅಮ್ಮನವರ ಕ್ಲಾಸ್ ನಡೀತಾ ಇರುವಾಗ?”

“ಆಗ ತಾನೆ ಅಳೀಬೇಕಾದ್ದು!”

ಲೈನಿನವರು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ವಾಪಸ್ ಕೊಟ್ಟರು. “ಸಾರ್, ಸ್ಪೀಡ್ ಟೆಸ್ಟ್ ಅಂದ್ರೆ ಪೈಪಲ್ಲಿರೋ ನೀರನ್ನೆಲ್ಲ ಒಂದೇ ಸಲ ಬಿಂದಿಗೆಗೆ ಹಿಡಿದು ನೋಡೋದು. ನೀವು ಐದು ಬಿಂದಿಗೆ ಹಿಡಿದ್ರಿ. ಅಮ್ಮನವರ ನಲ್ಲಿಗೆ ಏನು ಬರಬೇಕು?”

ಮನೆಯಲ್ಲಿ ಫ್ರಿಜ್ಜು ಮಾತ್ರ ಗುರ್ ಎನ್ನುತ್ತಿತ್ತು. ನಾನು ಹವಾಮಾನನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಮೂರು ವಾರದಿಂದ ಹುಡುಕುತ್ತಿದ್ದ ಕಳ್ಳರು ಇಬ್ಬರೂ ಎದುರುಬದುರು ನಿಂತಿದ್ದರು!

ಲೈನಿನವರು ಚಪ್ಪಲಿ ಮೆಟ್ಟುತ್ತಾ ನನ್ನ ಹೆಂಡತಿಗೆ ಹೇಳಿದರು: “ಅಮ್ಮಾ, ರೂಟರ್ ಆಫ್ ಮಾಡೋದು ಬೇಡ. ಶನಿವಾರ ಒಂದು ಗಂಟೆ ಇವರಿಬ್ಬರನ್ನ ಆಫ್ ಮಾಡಿ.”

ಅವಳು ನಮಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾಳೆ ಹತ್ತರಿಂದ ಹನ್ನೊಂದರ ತನಕ ಈ ಮನೇಲಿ ಯಾರೂ ಏನನ್ನೂ ಅಳೀಬಾರದು,” ಅಂದಳು ಅಷ್ಟೆ.

“ಹಾಗಾದ್ರೆ ಸರಿಯಾಗಿ ಓಡ್ತಾ ಇದೆ ಅಂತ ಗೊತ್ತಾಗೋದು ಹೇಗೆ ತಂಗಿ?” ಎಂದು ಹವಾಮಾನ ಮೆಲ್ಲಗೆ ಕೇಳಿದ.

“ನಾಳೆ ಕಾಲರ್ ಪಾಠ ಅಣ್ಣ. ನಲವತ್ತು ಕಾಲರ್ ಸರಿಯಾಗಿ ಬಂದ್ರೆ ಗೊತ್ತಾಗುತ್ತೆ.”

ಶನಿವಾರ. ಹೋದ ಶನಿವಾರ. ನಾವಿಬ್ಬರೂ ನಡುಮನೆಯಲ್ಲಿ ಗೋಡೆಗೊರಗಿ ಎರಡು ಕುರ್ಚಿಯಲ್ಲಿ ಕೂತೆವು, ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಕೂರಿಸಿದ ಹುಡುಗರ ಹಾಗೆ. ಹತ್ತಕ್ಕೆ ಐದು ನಿಮಿಷವಿರುವಾಗ ಹವಾಮಾನ ತನ್ನ ಫೋನ್ ಆಫ್ ಮಾಡಿ ಜೇಬಿಗೆ ಹಾಕಿದ. ಅಭ್ಯಾಸಬಲದಿಂದ ಪುಸ್ತಕ ತಂದಿದ್ದ, ಆದರೆ ತೆರೆಯಲಿಲ್ಲ. ಪೆನ್ಸಿಲನ್ನು ಬೆರಳುಗಳ ನಡುವೆ ಉರುಳಿಸುತ್ತಾ ಕೂತ.

ಬಾಗಿಲಾಚೆಯಿಂದ ಅವಳ ದನಿ ಬರುತ್ತಿತ್ತು. “ಒಳಪದರಕ್ಕೆ ಕ್ಯಾನ್ವಾಸ್ ಇಡಿ… ಮೂಲೆಗೆ ಬಂದಾಗ ಸೂಜಿ ಬಟ್ಟೆಯಲ್ಲೇ ಇರಲಿ, ಮಷಿನಿನ ಪಾದ ಎತ್ತಿ, ಬಟ್ಟೆ ತಿರುಗಿಸಿ…” ಹತ್ತು ನಿಮಿಷ. ಇಪ್ಪತ್ತು. ಅರ್ಧ ಗಂಟೆ. ಎಲ್ಲೂ ತಡೆಯಿಲ್ಲ. ಯಾರೋ ಪ್ರಶ್ನೆ ಕೇಳಿದರು, ಅವಳು ನಕ್ಕು ಉತ್ತರ ಹೇಳಿದಳು. ಎಷ್ಟು ಚೆನ್ನಾಗಿ ಕಲಿಸುತ್ತಾಳೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅದಕ್ಕೂ ಮುಂಚೆ ಆ ಹೊತ್ತಿನಲ್ಲಿ ನಾನು ಕೋಣೆಯಿಂದ ಕೋಣೆಗೆ ಓಡುತ್ತಿದ್ದೆನಲ್ಲ.

ಇನ್ನು ಇಪ್ಪತ್ತು ನಿಮಿಷವಿತ್ತು. ಆಗ ನನ್ನ ತಲೆಯೊಳಗೆ ಒಂದು ಹುಳು ಹೊಕ್ಕಿತು. ಇಷ್ಟು ಚೆನ್ನಾಗಿ ಓಡ್ತಾ ಇದೆಯಲ್ಲ, ಎಷ್ಟಿರಬಹುದು? ಒಂದೇ ಫೋನು, ಒಂದೇ ಸಲ. ಐದು ಬಿಂದಿಗೆಯಲ್ಲ, ಒಂದು ಲೋಟ! ಹವಾಮಾನನಿಗೆ ಕಿರುಬೆರಳು ತೋರಿಸಿ ಎದ್ದು ಬಚ್ಚಲಿಗೆ ಹೋದೆ. ಚಿಲಕ ಹಾಕಿದೆ. ಒತ್ತಿದೆ.

ಮುಳ್ಳು ಗಿರ್ರನೆ ಎದ್ದಿತು. ಐವತ್ತು! ಎಪ್ಪತ್ತು! ನಾನು ಉಸಿರು ಬಿಗಿಹಿಡಿದು ನಿಂತಿದ್ದಾಗ ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು: “ಕೇಳಿಸ್ತಾ ಇದೆಯಾ? ನಾನು ಕಾಣ್ತಾ ಇದೀನಾ? ಹಲೋ?”

ಹೊರಬಂದಾಗ ಹವಾಮಾನ ನನ್ನನ್ನೇ ನೋಡುತ್ತಿದ್ದ. ನಾನು ಕೂತು ಛಾವಣಿಯ ಬಿರುಕನ್ನು ಅಧ್ಯಯನ ಮಾಡತೊಡಗಿದೆ.

ಹನ್ನೊಂದಕ್ಕೆ ಅವಳು ಬಾಗಿಲು ತೆರೆದಳು.

“ಹತ್ತು ನಲವತ್ತಕ್ಕೆ ಅರ್ಧ ನಿಮಿಷ ನಿಂತಿತ್ತು. ಮೇಡಂ ನೋಡ್ತಾ ಇದ್ರು. ಮೂಲೆ ತಿರುಗಿಸೋ ಜಾಗ, ಮತ್ತೆ ಮೊದಲಿಂದ ಹೇಳಿಕೊಟ್ಟೆ. ಅವರು ಏನೂ ಹೇಳಲಿಲ್ಲ, ಸೋಮವಾರ ತಿಳಿಸ್ತೀನಿ ಅಂದ್ರು.” ಅವಳು ನಮ್ಮಿಬ್ಬರನ್ನೂ ನೋಡಿದಳು. “ಯಾರು ಅಳೆದದ್ದು?”

ನಾನು ಕಂಡವರ ತಪ್ಪು ಹುಡುಕುವವನು ಎಂದು ಹೇಳಿದೆನಲ್ಲ. ನನ್ನ ಜೇಬಿನಲ್ಲಿ ಫೋನು ಇನ್ನೂ ಬೆಚ್ಚಗಿತ್ತು. ಜೇಬಿನ ಮೇಲೆ ಕೈ ಮುಚ್ಚಿದೆ.

ಹವಾಮಾನ ಕೈ ಎತ್ತಿದ. ಅರವತ್ತೆಂಟು ವರ್ಷದ ಮನುಷ್ಯ, ತರಗತಿಯಲ್ಲಿ ಕೈ ಎತ್ತುವ ಹಾಗೆ.

“ನಾನೇ ತಂಗಿ. ಹಾಳು ಚಟ.”

ಅವಳು ಅವನ ಎದುರು ಬಂದು ನಿಂತಳು. “ನಿಮ್ಮನ್ನ ನಂಬಿದ್ದೆ ಅಣ್ಣ. ಇವರನ್ನಲ್ಲ, ನಿಮ್ಮನ್ನ. ಇನ್ನು ಮೇಲೆ ಶನಿವಾರ ನಮ್ಮನೆ ಕಡೆ ಬರಬೇಡಿ.” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಬೆಳಗ್ಗೆ ಮೇಡಂ ಫೋನ್ ಮಾಡಿದರು. ತರಗತಿ ಮುಂದುವರಿಯಲಿ, ನಲವತ್ತು ಕಾಲರೂ ಸರಿಯಾಗಿ ಬಂದಿವೆ ಅಂದರು. ಅವಳು ಫೋನು ಕೆಳಗಿಟ್ಟು ಅತ್ತಳು. ಈ ವಾರವೆಲ್ಲ ಅವಳದು ಒಂದೇ ಮಾತು: “ಕೊನೇ ದಿನ ನಾನು ಅವರಿಗೆ ಹಾಗಂದುಬಿಟ್ಟೆ. ಒಂದು ಸಣ್ಣ ತಪ್ಪಿಗೆ ಹಾಗಂದುಬಿಟ್ಟೆ.” ದಿನಕ್ಕೆ ಹತ್ತು ಸಲ ಬಾಯಿ ತೆರೆದಿದ್ದೇನೆ, ಹತ್ತು ಸಲವೂ ಮುಚ್ಚಿದ್ದೇನೆ. ಬಾಯಲ್ಲಿ ಬಾರದ್ದು ಬರಹದಲ್ಲಾದರೂ ಬರಲಿ ಎಂದು ಇಲ್ಲಿ ಬರೆದಿದ್ದೇನೆ. ಅವನು ಅಳೆಯಲಿಲ್ಲ ಕಣೇ. ನಾನು ಅಳೆದದ್ದು. ಇದನ್ನು ಓದುವಾಗ ನಿನ್ನ ಕೈಯಲ್ಲಿ ಕತ್ತರಿ ಇರದಿರಲಿ ಎಂಬುದಷ್ಟೇ ನನ್ನ ಕೋರಿಕೆ.

ಆ ಶನಿವಾರ, ಅವಳು ಬಾಗಿಲು ಹಾಕಿಕೊಂಡ ಮೇಲೆ, ಅವನು ಸದ್ದಿಲ್ಲದೆ ಚಪ್ಪಲಿ ಹಾಕಿಕೊಂಡು ಹೊರಟ. ನಾನು ಮೆಟ್ಟಿಲವರೆಗೂ ಹಿಂದೆಯೇ ಹೋದೆ. ಅವನು ನಮ್ಮ ಬಾಗಿಲ ಕಡೆ ಒಮ್ಮೆ ಹಣಿಕಿ ನೋಡಿ, ಅವಳಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಂಕುಳಿನಿಂದ ಪುಸ್ತಕ ತೆಗೆದ.

“ಎಷ್ಟು ಬಂತು?” ಅಂದ ಪಿಸುದನಿಯಲ್ಲಿ.

“ತೊಂಬತ್ತೊಂದು.”

ಹುಬ್ಬೇರಿಸಿದ. “ಹೊತ್ತು?”

“ಹತ್ತು ನಲವತ್ತು.”

“ಜಾಗ?”

“ಬಚ್ಚಲು.”

ಪುಸ್ತಕವನ್ನು ಮೆಟ್ಟಿಲ ಕಂಬಿಯ ಮೇಲಿಟ್ಟುಕೊಂಡು ಮೂರನ್ನೂ ಬರೆದ. ಕಣ್ಣಾರೆ ನೋಡದ ಅಂಕಿಗೆ ನೌಕರಿಯುದ್ದಕ್ಕೂ ಒಮ್ಮೆಯೂ ಸಹಿ ಹಾಕದ ಮನುಷ್ಯ, ಕೊನೆಯ ಅಂಕಣದಲ್ಲಿ, ‘ಅಳೆದವರು’ ಎಂಬುದರ ಕೆಳಗೆ, ತನ್ನ ಸಹಿ ಹಾಕಿದ.